ಶ್ರವಣಾತೀತ ಧ್ವನಿಯಿಂದ ಸ್ವಚ್ಛತೆ: ಪುಣೆಯ ಕೈಗಾರಿಕೆಗಳ ನಿದರ್ಶನ



ಒಂದು ಯಂತ್ರದ ಗುಣಮಟ್ಟವನ್ನು ಪರಿಶೀಲಿಸುವಾಗ ಅದರ ಲೋಹ ಎಂತಹುದು, ಅಳತೆ ಎಷ್ಟು ನಿಖರವಾದುದು, ಜೋಡಣೆ ಎಷ್ಟು ಬಿಗಿಯಾದುದು ಎಂಬುದನ್ನು ಎಲ್ಲರೂ ವಿಚಾರಿಸುತ್ತಾರೆ. ಜೋಡಿಸುವ ಮುನ್ನ ಅದರ ಭಾಗಗಳನ್ನು ಎಷ್ಟು ಚೊಕ್ಕಟವಾಗಿ ತೊಳೆಯಲಾಗಿತ್ತು ಎಂದು ವಿಚಾರಿಸುವವರು ವಿರಳ. ತೊಳೆಯುವುದು ಕಾರ್ಖಾನೆಯ ಒಂದು ಮೂಲೆಯಲ್ಲಿ, ಹೊಸದಾಗಿ ಸೇರಿದ ಕೆಲಸಗಾರನ ಪಾಲಿಗೆ ಬೀಳುವ ಚಾಕರಿ ಎಂಬ ಭಾವನೆ ಬಹುಕಾಲ ಬೇರೂರಿತ್ತು. ಸೀಮೆಎಣ್ಣೆ ತುಂಬಿದ ಒಂದು ತಟ್ಟೆ, ಒಂದು ಬ್ರಷ್, ಒಂದಿಷ್ಟು ಹತ್ತಿಯ ಚಿಂದಿ, ಇವಿಷ್ಟೇ ಆ ಕೆಲಸದ ಸಲಕರಣೆಗಳಾಗಿದ್ದವು. ಇಂದು ಆ ಸ್ಥಿತಿ ಬದಲಾಗಿದೆ. ಯಂತ್ರಭಾಗದ ಸ್ವಚ್ಛತೆ ಎಂಬುದು ಈಗ ಮೈಕ್ರೊಮೀಟರ್ ಹಾಗೂ ಮಿಲಿಗ್ರಾಂಗಳಲ್ಲಿ ಅಳೆಯಲಾಗುವ ಒಂದು ಗುಣ. ಆ ಗುಣವನ್ನು ಸಾಧಿಸುವ ಸಾಧನಗಳಲ್ಲಿ ಮನುಷ್ಯನ ಕಿವಿಗೆ ಕೇಳಿಸದ ಧ್ವನಿಯೂ ಒಂದಾಗಿದೆ.

ಈ ವಿಧಾನದ ಸ್ವರೂಪ, ಉಪಯೋಗ, ಮಿತಿಗಳು ಹಾಗೂ ಅದರೊಡನೆ ಬರುವ ಹೊಣೆಗಾರಿಕೆಯನ್ನು ಪುಣೆಯ ಕೈಗಾರಿಕಾ ಪರಿಸರದ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಉಪನ್ಯಾಸದ ಉದ್ದೇಶ.

ಕಣ್ಣಿಗೆ ಕಾಣದ ಕೊಳೆ

ಪುಣೆಗೂ ಕನ್ನಡ ನಾಡಿಗೂ ಯಂತ್ರೋದ್ಯಮದ ನಂಟು ಹಳೆಯದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಬೆಳಗಾವಿಯ ಸೈಕಲ್ ಅಂಗಡಿಯಿಂದ ತಮ್ಮ ಉದ್ಯಮವನ್ನು ಆರಂಭಿಸಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಸ್ಥಾಪಿಸಿದರು. ಅದೇ ಉದ್ಯಮ ಪರಂಪರೆಯ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸಂಸ್ಥೆಯು 1946ರಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನ್‌ಗಳ ತಯಾರಿಕೆಗಾಗಿ ಅಸ್ತಿತ್ವಕ್ಕೆ ಬಂದಿತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಸ್ಥಾಪನೆಯಾದ ನಂತರ ಪಿಂಪ್ರಿ, ಚಿಂಚವಡ, ಭೋಸರಿ ಪ್ರದೇಶಗಳಲ್ಲಿಯೂ, ತರುವಾಯ ಚಾಕಣ, ರಾಂಜಣಗಾಂವ್‌ಗಳಲ್ಲಿಯೂ ಕಾರ್ಖಾನೆಗಳು ಸಾಲುಗಟ್ಟಿ ಬೆಳೆದವು. ದೊಡ್ಡ ವಾಹನ ಕಾರ್ಖಾನೆಗಳ ಸುತ್ತಮುತ್ತ ಅವುಗಳಿಗೆ ಬಿಡಿಭಾಗಗಳನ್ನು ಒದಗಿಸುವ ಸಣ್ಣಪುಟ್ಟ ಘಟಕಗಳು ಅಸಂಖ್ಯಾತವಾಗಿ ತಲೆಯೆತ್ತಿದವು. ಉದ್ಯೋಗವನ್ನರಸಿ ಬಂದ ಅನೇಕ ಕನ್ನಡಿಗರು ಈ ಘಟಕಗಳಲ್ಲಿ ದುಡಿಯುತ್ತಿದ್ದಾರೆ. ಕೆಲವರು ಸ್ವಂತ ಘಟಕಗಳನ್ನೂ ನಡೆಸುತ್ತಿದ್ದಾರೆ.

ಇಂತಹ ಒಂದು ಘಟಕದಲ್ಲಿ ಲೇತ್ ಅಥವಾ ಗ್ರೈಂಡಿಂಗ್ ಯಂತ್ರದಿಂದ ಹೊರಬಂದ ಭಾಗವು ನೋಡಲು ಥಳಥಳಿಸುತ್ತಿರಬಹುದು. ಆದರೆ ಅದರ ಮೇಲ್ಮೈಗೆ ಕೀಲೆಣ್ಣೆ, ಗ್ರೀಸ್, ಉಜ್ಜುಪುಡಿ ಹಾಗೂ ಲೋಹದ ಅತಿಸಣ್ಣ ಚೂರುಗಳು ಅಂಟಿಕೊಂಡೇ ಇರುತ್ತವೆ. ಕುರುಡು ರಂಧ್ರಗಳಲ್ಲಿ, ತಿರುಪಿನ ಎಳೆಗಳ ಸಂದುಗಳಲ್ಲಿ ಬ್ರಷ್ಷಿನ ಕೂದಲೂ ತಲುಪಲಾರದು. ಡೀಸೆಲ್ ಎಂಜಿನ್ನಿನ ಇಂಧನ ಚಿಮ್ಮುಮೂತಿಯನ್ನು, ಅಂದರೆ ಇಂಜೆಕ್ಟರ್ ನಾಜಲ್ ಅನ್ನು, ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ರಂಧ್ರಗಳ ವ್ಯಾಸ ಒಂದು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗ ಮಾತ್ರ. ಒಳಗಿನ ಸೂಜಿಗೂ ಅದರ ಕವಚಕ್ಕೂ ನಡುವಣ ಅಂತರ ಕೆಲವೇ ಮೈಕ್ರೊಮೀಟರ್. ಮನುಷ್ಯನ ತಲೆಗೂದಲಿನ ದಪ್ಪಕ್ಕೆ ಹೋಲಿಸಿದರೆ ಅದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇಂದಿನ ಎಂಜಿನ್‌ಗಳಲ್ಲಿ ಇಂಧನವು ವಾಯುಮಂಡಲದ ಒತ್ತಡದ ಸುಮಾರು 2000 ಪಟ್ಟು ಒತ್ತಡದಲ್ಲಿ ಈ ರಂಧ್ರಗಳ ಮೂಲಕ ಚಿಮ್ಮುತ್ತದೆ. ಅಲ್ಲಿ ಸಿಕ್ಕಿಕೊಂಡ ಒಂದು ಲೋಹದ ಕಣ ಸೂಜಿಯನ್ನು ಗೀರುತ್ತದೆ ಅಥವಾ ರಂಧ್ರವನ್ನು ಮುಚ್ಚುತ್ತದೆ. ಇಂಧನವು ಸರಿಯಾಗಿ ಉರಿಯದೆ ಹೊಗೆ ಹೆಚ್ಚುತ್ತದೆ.

ದೇಶಾದ್ಯಂತ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್-6 ಮಾನದಂಡಗಳು ವಾಹನದ ಹೊಗೆಯ ಮೇಲೆ ಕಟ್ಟುನಿಟ್ಟಾದ ಮಿತಿಗಳನ್ನು ವಿಧಿಸಿವೆ. 1966ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಭಾರತೀಯ ವಾಹನ ಸಂಶೋಧನಾ ಸಂಘ, ಅಂದರೆ ಎ.ಆರ್.ಎ.ಐ., ಇಂತಹ ಪರೀಕ್ಷೆಗಳನ್ನು ನಡೆಸುವ ದೇಶದ ಪ್ರಮುಖ ಸಂಸ್ಥೆಗಳಲ್ಲೊಂದು. ಪರೀಕ್ಷಾಲಯದಲ್ಲಿ ಅಳೆಯುವ ಹೊಗೆಗೂ ಭೋಸರಿಯ ಒಂದು ಸಣ್ಣ ಶೆಡ್ಡಿನ ತೊಳೆಯುವ ತೊಟ್ಟಿಗೂ ಸಂಬಂಧವಿದೆ ಎಂಬುದನ್ನು ಮರೆಯಲಾಗದು.

ಕಿವಿಗೆ ನಿಲುಕದ ಧ್ವನಿ

ಸಾಮಾನ್ಯವಾಗಿ ಮನುಷ್ಯನ ಕಿವಿಯು ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸಬಲ್ಲದು. ಅದಕ್ಕಿಂತ ಹೆಚ್ಚಿನ ಆವೃತ್ತಿಯ ಧ್ವನಿಯನ್ನು ಶ್ರವಣಾತೀತ ಧ್ವನಿ ಎನ್ನುತ್ತಾರೆ. ಬಾವಲಿಯು ಕತ್ತಲಿನಲ್ಲಿ ದಾರಿ ಹುಡುಕುವುದು ಇದೇ ಧ್ವನಿಯ ನೆರವಿನಿಂದ. ನಾಯಿಗೆ ಕೇಳಿಸಿ ಮನುಷ್ಯನಿಗೆ ಕೇಳಿಸದ ಸೀಟಿಯನ್ನು ಫ್ರಾನ್ಸಿಸ್ ಗಾಲ್ಟನ್ 1876ರಲ್ಲಿ ತಯಾರಿಸಿದ್ದನು. ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ತು ಉಂಟಾಗುತ್ತದೆ ಎಂಬುದನ್ನು ಪಿಯರ್ ಕ್ಯೂರಿ ಮತ್ತು ಅವನ ಸಹೋದರ ಜಾಕ್ 1880ರಲ್ಲಿ ಕಂಡುಹಿಡಿದರು. ಅದಕ್ಕೆ ವಿಲೋಮವಾಗಿ, ಅಂತಹ ಹರಳಿಗೆ ವಿದ್ಯುತ್ತನ್ನು ಹಾಯಿಸಿದರೆ ಅದು ಕಂಪಿಸುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಪೌಲ್ ಲ್ಯಾಂಜೆವಿನ್ ಎರಡು ಉಕ್ಕಿನ ಫಲಕಗಳ ನಡುವೆ ಕ್ವಾರ್ಟ್ಸ್ ಹರಳನ್ನು ಸೇರಿಸಿ, ನೀರಿನೊಳಗೆ ಶ್ರವಣಾತೀತ ಧ್ವನಿಯನ್ನು ಹೊರಡಿಸುವ ಉಪಕರಣವನ್ನು ರೂಪಿಸಿದನು. ಇಂದಿನ ತೊಳೆಯುವ ತೊಟ್ಟಿಗಳ ತಳದಲ್ಲಿ ಅಂಟಿಸಿರುವ ಕಂಪಕಗಳು ಆ ಉಪಕರಣದ ವಂಶಕ್ಕೇ ಸೇರಿದವು. ಹರಳಿನ ಸ್ಥಾನದಲ್ಲಿ ಈಗ 1950ರ ದಶಕದಲ್ಲಿ ಬಳಕೆಗೆ ಬಂದ ಲೆಡ್ ಜಿರ್ಕೋನೇಟ್ ಟೈಟನೇಟ್ ಎಂಬ ಪಿಂಗಾಣಿ ಜಾತಿಯ ವಸ್ತುವಿದೆ.

ದ್ರವದಲ್ಲಿ ಸಾಗುವ ಶ್ರವಣಾತೀತ ತರಂಗಗಳ ಅಧ್ಯಯನದಲ್ಲಿ ಬೆಂಗಳೂರಿಗೂ ಗೌರವದ ಸ್ಥಾನವಿದೆ. ಇಂತಹ ತರಂಗಗಳು ಹಾಯುತ್ತಿರುವ ದ್ರವದ ಮೂಲಕ ಬೆಳಕನ್ನು ಕಳುಹಿಸಿದರೆ ಅದು ಹಲವು ಕಿರಣಗಳಾಗಿ ಒಡೆಯುವುದನ್ನು ವಿದೇಶಗಳ ವಿಜ್ಞಾನಿಗಳು 1932ರಲ್ಲಿ ಗಮನಿಸಿದ್ದರು. ಅದರ ಸಮರ್ಪಕ ವಿವರಣೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸರ್ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ ಅವರು 1935-36ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ನೀಡಿದರು. ರಾಮನ್-ನಾಥ್ ಸಿದ್ಧಾಂತವೆಂದು ಅದು ಇಂದಿಗೂ ವಿಶ್ವದಾದ್ಯಂತ ಪ್ರಸಿದ್ಧವಾಗಿದೆ.

ಗುಳ್ಳೆ ಮಾಡುವ ಕೆಲಸ

ಧ್ವನಿಯು ಕೊಳೆಯನ್ನು ತೆಗೆಯುವುದು ಹೇಗೆ? ಧ್ವನಿತರಂಗವು ನೀರಿನಲ್ಲಿ ಸಾಗುವಾಗ ನೀರನ್ನು ಒಮ್ಮೆ ಒತ್ತುತ್ತದೆ, ಮರುಕ್ಷಣವೇ ಹಿಗ್ಗಿಸುತ್ತದೆ. ತರಂಗವು ಸಾಕಷ್ಟು ಪ್ರಬಲವಾಗಿದ್ದರೆ ಹಿಗ್ಗಿದ ಕಡೆ ನೀರು ಹರಿದು, ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟುತ್ತವೆ. ಮತ್ತೆ ಒತ್ತಡ ಬಂದಾಗ ಆ ಗುಳ್ಳೆಗಳು ರಭಸದಿಂದ ಕುಸಿಯುತ್ತವೆ. ಕುಸಿಯುವ ಗುಳ್ಳೆಯೊಳಗೆ ಅತ್ಯಲ್ಪ ಕಾಲ ಸಾವಿರಾರು ಡಿಗ್ರಿ ಉಷ್ಣತೆ ಉಂಟಾಗುವುದುಂಟು. ಲೋಹದ ಮೇಲ್ಮೈಯ ಬಳಿ ಕುಸಿಯುವ ಗುಳ್ಳೆಯು ಒಂದು ಸೂಕ್ಷ್ಮ ನೀರಿನ ಚಿಲುಮೆಯನ್ನು ಆ ಮೇಲ್ಮೈಯತ್ತ ಚಿಮ್ಮುತ್ತದೆ. ಕೊಳೆಯನ್ನು ಕೆತ್ತಿ ಎಬ್ಬಿಸುವುದು ಈ ಚಿಲುಮೆ. ಗುಳ್ಳೆಗಳ ಹುಟ್ಟು ಮತ್ತು ಕುಸಿತದ ಈ ಕ್ರಿಯೆಯನ್ನು ತಂತ್ರಜ್ಞರು ಕ್ಯಾವಿಟೇಷನ್ ಎಂದು ಕರೆಯುತ್ತಾರೆ.

ಈ ಕ್ರಿಯೆ ಮೊದಲು ಪರಿಚಯವಾದುದು ಒಂದು ಪೀಡೆಯಾಗಿ. ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ವೇಗದ ಹಡಗುಗಳು ನಿರ್ಮಾಣವಾದಾಗ ಅವುಗಳ ಚಾಲಕ ರೆಕ್ಕೆಗಳು ನಿರೀಕ್ಷಿತ ಬಲವನ್ನು ನೀಡಲಿಲ್ಲ. ಗಟ್ಟಿ ಲೋಹವೂ ತೂತುಬಿದ್ದು ಸವೆಯತೊಡಗಿತು. ಕುಸಿಯುವ ಗುಳ್ಳೆಯು ಎಷ್ಟು ಒತ್ತಡವನ್ನುಂಟುಮಾಡಬಲ್ಲದು ಎಂಬುದನ್ನು ಲಾರ್ಡ್ ರ‍್ಯಾಲಿ 1917ರಲ್ಲಿ ಗಣಿತದಿಂದ ತೋರಿಸಿದನು. ಜಲವಿದ್ಯುದಾಗಾರಗಳ ಟರ್ಬೈನ್‌ಗಳಲ್ಲಿ ಇಂದಿಗೂ ಇದೇ ಪೀಡೆಯ ವಿರುದ್ಧ ಎಂಜಿನಿಯರುಗಳು ಎಚ್ಚರ ವಹಿಸುತ್ತಾರೆ. ಉಕ್ಕನ್ನು ಕೊರೆಯುವ ಆ ಶಕ್ತಿಯನ್ನು ಹದಗೊಳಿಸಿ, ಕೊಳೆಯನ್ನು ಮಾತ್ರ ಕೀಳುವಂತೆ ಪಳಗಿಸಿರುವುದೇ ಈ ತಂತ್ರದ ಸಾರ. ಪಳಗಿಸುವಲ್ಲಿ ತಪ್ಪಿದರೆ ಅದು ತನ್ನ ಮೂಲಸ್ವಭಾವಕ್ಕೆ ಮರಳುತ್ತದೆ ಎಂಬುದನ್ನು ಬಳಸುವವರು ಸದಾ ನೆನಪಿನಲ್ಲಿಡಬೇಕು.

ಹದಗೊಳಿಸುವ ಮುಖ್ಯ ಸಾಧನ ಆವೃತ್ತಿ. ಆವೃತ್ತಿ ಕಡಿಮೆಯಾದಷ್ಟೂ ಗುಳ್ಳೆ ದೊಡ್ಡದು, ಪೆಟ್ಟು ಬಲವಾದುದು. ಆವೃತ್ತಿ ಹೆಚ್ಚಿದಷ್ಟೂ ಗುಳ್ಳೆ ಸಣ್ಣದು, ಪೆಟ್ಟು ಮೃದು. 20 ಕಿಲೋಹರ್ಟ್ಸ್‌ನಲ್ಲಿ ಗುಳ್ಳೆಯ ತ್ರಿಜ್ಯ ಸುಮಾರು 150 ಮೈಕ್ರೊಮೀಟರ್ ಇದ್ದರೆ, 40 ಕಿಲೋಹರ್ಟ್ಸ್‌ನಲ್ಲಿ ಅದರ ಅರ್ಧದಷ್ಟಿರುತ್ತದೆ. ಎಂಜಿನ್ನಿನ ದಪ್ಪ ಭಾಗಗಳಿಗೆ 25 ಕಿಲೋಹರ್ಟ್ಸ್‌ನ ಆಸುಪಾಸು, ಸಾಮಾನ್ಯ ಯಂತ್ರಭಾಗಗಳಿಗೆ 40, ನಯವಾದ ಮೇಲ್ಮೈಯ ಮಸೂರಗಳಿಗೆ ಮತ್ತು ಸೂಕ್ಷ್ಮ ಭಾಗಗಳಿಗೆ 80ಕ್ಕೂ ಮೇಲ್ಪಟ್ಟ ಆವೃತ್ತಿಗಳು ಹೊಂದುತ್ತವೆ. ಎಲೆಕ್ಟ್ರಾನಿಕ್ ಉದ್ಯಮದ ಸಿಲಿಕಾನ್ ಬಿಲ್ಲೆಗಳನ್ನು ತೊಳೆಯಲು ಹತ್ತಿರ ಹತ್ತಿರ ಹತ್ತು ಲಕ್ಷ ಕಂಪನಗಳ ಆವೃತ್ತಿಯನ್ನು ಉಪಯೋಗಿಸುತ್ತಾರೆ.

ಕಾರ್ಖಾನೆಯಲ್ಲಿ ತೊಳೆಯುವ ಕ್ರಮ

ತೊಟ್ಟಿಯೊಂದನ್ನು ಕೊಂಡು ತಂದು ಗುಂಡಿ ಒತ್ತಿದ ಮಾತ್ರಕ್ಕೆ ಸ್ವಚ್ಛತೆ ದೊರೆಯುವುದಿಲ್ಲ. ಧ್ವನಿ, ಮಾರ್ಜಕ, ಉಷ್ಣತೆ ಮತ್ತು ಸಮಯ, ಈ ನಾಲ್ಕೂ ಕೂಡಿದಾಗ ಮಾತ್ರ ಫಲ ಸಿಗುತ್ತದೆ.

ಭಾಗಗಳ ಮೇಲಿನ ದಪ್ಪ ಗ್ರೀಸ್ ಮತ್ತು ಸಡಿಲವಾದ ಚೂರುಗಳನ್ನು ಮೊದಲೇ ಬೇರೆಡೆ ತೆಗೆದುಹಾಕಬೇಕು. ಹಾಗೆ ಮಾಡದಿದ್ದರೆ ಅವು ತೊಟ್ಟಿಯ ತಳದಲ್ಲಿ ಕುಳಿತು, ಕಂಪನದಿಂದ ತಳವನ್ನೇ ಉಜ್ಜಿ ಸವೆಸುತ್ತವೆ. ಹೊಸದಾಗಿ ತುಂಬಿದ ನೀರಿನಲ್ಲಿ ಗಾಳಿಯು ಕರಗಿರುವುದರಿಂದ ಗುಳ್ಳೆಗಳ ಪೆಟ್ಟು ಮಂದವಾಗುತ್ತದೆ. ಆದಕಾರಣ ಭಾಗಗಳನ್ನು ಇಳಿಸುವ ಮುನ್ನ ತೊಟ್ಟಿಯನ್ನು ಸ್ವಲ್ಪ ಹೊತ್ತು ಬರಿದೆ ನಡೆಸಿ ಗಾಳಿಯನ್ನು ಹೊರಹಾಕುವುದು ಅವಶ್ಯಕ. ಮಾರ್ಜಕ ಬೆರೆಸಿದ ನೀರಿನ ಉಷ್ಣತೆ ಸಾಮಾನ್ಯವಾಗಿ 50ರಿಂದ 65 ಡಿಗ್ರಿ ಸೆಲ್ಸಿಯಸ್ ಇರುವುದು ಸೂಕ್ತ. ನೀರು ಕುದಿಯುವ ಮಟ್ಟಕ್ಕೆ ಹತ್ತಿರವಾದಂತೆ ಗುಳ್ಳೆಗಳಲ್ಲಿ ಆವಿ ತುಂಬಿ ಅವುಗಳ ಕುಸಿತ ದುರ್ಬಲವಾಗುತ್ತದೆ. ಹೆಚ್ಚು ಕಾಯಿಸಿದರೆ ಹೆಚ್ಚು ಸ್ವಚ್ಛವಾಗುತ್ತದೆ ಎಂಬ ಎಣಿಕೆ ಇಲ್ಲಿ ಸಲ್ಲದು. ಉಕ್ಕಿಗೆ ಒಗ್ಗುವ ತೀಕ್ಷ್ಣ ಕ್ಷಾರವು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಆದುದರಿಂದ ಲೋಹಕ್ಕೆ ತಕ್ಕಂತೆ ಮಾರ್ಜಕವನ್ನು ಆರಿಸಬೇಕು.

ಭಾಗಗಳನ್ನು ತೊಟ್ಟಿಯ ತಳದ ಮೇಲೆ ನೇರವಾಗಿ ಇಡದೆ ತಂತಿಯ ಬುಟ್ಟಿಯಲ್ಲಿ ತೂಗುಬಿಡಬೇಕು. ಒಂದರ ಮೇಲೊಂದು ಪೇರಿಸಿದರೆ ಮರೆಯಾದ ಭಾಗಕ್ಕೆ ಧ್ವನಿ ತಲುಪುವುದಿಲ್ಲ. ಕುರುಡು ರಂಧ್ರದ ಬಾಯಿಯನ್ನು ಕೆಳಮುಖವಾಗಿಟ್ಟರೆ ಅದರೊಳಗೆ ಗಾಳಿ ಸಿಕ್ಕಿಕೊಂಡು ದ್ರವ ಒಳಹೋಗದು; ಗಾಳಿಯಿಲ್ಲದಂತೆ ದ್ರವ ತುಂಬಿದರೆ ಮಾತ್ರ ಅಲ್ಲಿ ಗುಳ್ಳೆಗಳು ಕೆಲಸ ಮಾಡುತ್ತವೆ. ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್ ಆದುದರಿಂದ, 40 ಕಿಲೋಹರ್ಟ್ಸ್‌ನಲ್ಲಿ ತರಂಗದೂರ ಸುಮಾರು 37 ಮಿಲಿಮೀಟರ್. ತೊಟ್ಟಿಯಲ್ಲಿ ಕೆಲವೆಡೆ ಧ್ವನಿ ಪ್ರಬಲವಾಗಿಯೂ ಕೆಲವೆಡೆ ಕ್ಷೀಣವಾಗಿಯೂ ಇರುವುದಕ್ಕೆ ಇದೇ ಕಾರಣ. ಬುಟ್ಟಿಯನ್ನು ನಿಧಾನವಾಗಿ ಮೇಲೆ ಕೆಳಗೆ ಚಲಿಸುವಂತೆ ಮಾಡುವುದರಿಂದ ಅಥವಾ ಆವೃತ್ತಿಯನ್ನು ತುಸು ಹಿಂದೆಮುಂದೆ ಬದಲಿಸುತ್ತಿರುವ ಜನಕವನ್ನು ಉಪಯೋಗಿಸುವುದರಿಂದ ಈ ವ್ಯತ್ಯಾಸವನ್ನು ನಿವಾರಿಸಬಹುದು. ತೊಳೆಯಲು ಸಾಮಾನ್ಯವಾಗಿ ಕೆಲವೇ ನಿಮಿಷಗಳು ಸಾಕು. ಅನಂತರ ಶುದ್ಧ ನೀರಿನಲ್ಲಿ ಜಾಲಾಡಿ, ತುಕ್ಕು ಹಿಡಿಯದಂತೆ ಬಿಸಿಗಾಳಿಯಲ್ಲಿ ಒಣಗಿಸಬೇಕು.

ತೊಟ್ಟಿಯು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸಣ್ಣ ಘಟಕವೂ ಮಾಡಬಹುದಾದ ಒಂದು ಸರಳ ಪರೀಕ್ಷೆಯಿದೆ. ಅಡುಗೆಮನೆಯಲ್ಲಿ ರೊಟ್ಟಿ ಸುತ್ತಲು ಬಳಸುವ ತೆಳು ಅಲ್ಯೂಮಿನಿಯಮ್ ಹಾಳೆಯ ಒಂದು ತುಂಡನ್ನು ನಡೆಯುತ್ತಿರುವ ತೊಟ್ಟಿಯಲ್ಲಿ ನೇರವಾಗಿ ಇಳಿಬಿಟ್ಟು, ಒಂದು ನಿಮಿಷದೊಳಗೆ ಹೊರತೆಗೆದು ಬೆಳಕಿಗೆ ಹಿಡಿದು ನೋಡಬೇಕು. ಹಾಳೆಯ ತುಂಬ ಸಮನಾಗಿ ಚುಕ್ಕೆಗಳೂ ಸಣ್ಣ ತೂತುಗಳೂ ಕಂಡರೆ ತೊಟ್ಟಿ ಸುಸ್ಥಿತಿಯಲ್ಲಿದೆ. ಒಂದು ಕಡೆ ಹಾಳೆ ಹಾಗೆಯೇ ನುಣ್ಣಗೆ ಉಳಿದಿದ್ದರೆ ಆ ಭಾಗದ ಕಂಪಕ ಕೆಟ್ಟಿರುವ ಸಂಭವವಿದೆ. ಇನ್ನು ವಾಹನೋದ್ಯಮದಲ್ಲಿ 2007ರಿಂದ ಐ.ಎಸ್.ಒ. 16232 ಎಂಬ ಅಂತಾರಾಷ್ಟ್ರೀಯ ಮಾನಕವು ರೂಢಿಯಲ್ಲಿದೆ. ತೊಳೆದ ಭಾಗವನ್ನು ಮತ್ತೆ ಜಾಲಾಡಿ, ಆ ದ್ರವವನ್ನು ಸೂಕ್ಷ್ಮ ಪೊರೆಯಲ್ಲಿ ಸೋಸಿ, ಉಳಿದ ಕಣಗಳನ್ನು ತೂಗಿ, ಸೂಕ್ಷ್ಮದರ್ಶಕದಲ್ಲಿ ಅಳೆಯುವುದು ಅದರ ಕ್ರಮ. ಬೆರಳಿನಿಂದ ಸವರಿ ನೋಡಿ ತೀರ್ಮಾನಿಸುವ ಕಾಲ ಹಿಂದೆ ಸರಿದಿದೆ.

ನಾಜೂಕು ವಸ್ತುಗಳು

ಕಾರ್ಖಾನೆಯ ಹೊರಗೂ ಈ ತಂತ್ರದ ಬಳಕೆ ವಿಸ್ತಾರವಾಗಿದೆ. ಬೆಂಗಳೂರಿನಲ್ಲಿ 1961ರಿಂದ ತಯಾರಾಗುತ್ತಿದ್ದ ಎಚ್.ಎಂ.ಟಿ. ಕೈಗಡಿಯಾರಗಳು ಒಂದು ತಲೆಮಾರಿನ ಅಚ್ಚುಮೆಚ್ಚಿನ ಆಸ್ತಿಯಾಗಿದ್ದವು. ಆ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆ ನೀಡಿತಾದರೂ, ಕೀಲಿ ಕೊಡುವ ಆ ಗಡಿಯಾರಗಳು ಅನೇಕರ ಮಣಿಕಟ್ಟಿನಲ್ಲಿ ಇನ್ನೂ ನಡೆಯುತ್ತಿವೆ. ಅವುಗಳ ಚಕ್ರಗಳಲ್ಲಿ ಹೆಪ್ಪುಗಟ್ಟಿದ ಹಳೆಯ ಎಣ್ಣೆಯನ್ನು ತೆಗೆಯಲು ದುರಸ್ತಿಗಾರರು ಅಂಗೈಯಗಲದ ಶ್ರವಣಾತೀತ ತೊಟ್ಟಿಯನ್ನು ಬಳಸುತ್ತಾರೆ. ಆದರೆ ಗಡಿಯಾರದ ಮುಖಫಲಕವನ್ನು ಅದರಲ್ಲಿ ಮುಳುಗಿಸಬಾರದು. ಚಕ್ರವನ್ನು ತಡೆದು ಬಿಡುವ ಕವಲಿನ ಮಾಣಿಕ್ಯಗಳನ್ನು ಅರಗಿನಿಂದ ಕೂರಿಸಿರುವುದರಿಂದ ಆ ಭಾಗಕ್ಕೆ ಆಲ್ಕೊಹಾಲ್ ತಗಲಬಾರದು. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ.

ಪುಣೆಯ ಲಕ್ಷ್ಮೀ ರಸ್ತೆಯಂತಹ ಚಿನಿವಾರ ಪೇಟೆಗಳಲ್ಲಿ ಆಭರಣಗಳನ್ನು ತೊಳೆಯುವುದಕ್ಕೂ ಈ ತೊಟ್ಟಿ ನೆರವಾಗುತ್ತದೆ. ಚಿನ್ನಕ್ಕೆ ಹಾಗೂ ಬಿರುಕಿಲ್ಲದ ವಜ್ರಕ್ಕೆ ಅದರಿಂದ ತೊಂದರೆಯಿಲ್ಲ. ಮುತ್ತು, ಹವಳ, ಕ್ಷೀರಸ್ಫಟಿಕಗಳು ಅದರ ಪೆಟ್ಟನ್ನು ತಾಳಲಾರವು. ಪಚ್ಚೆಯ ಸಹಜ ಬಿರುಕುಗಳನ್ನು ಸಾಮಾನ್ಯವಾಗಿ ಎಣ್ಣೆಯಿಂದ ತುಂಬಿರುತ್ತಾರೆ. ತೊಟ್ಟಿಯಲ್ಲಿ ಆ ಎಣ್ಣೆ ಹೊರಬಂದು ಬಿರುಕು ಎದ್ದುಕಾಣುತ್ತದೆ. ಮನೆಬಳಕೆಯ ಅಗ್ಗದ ತೊಟ್ಟಿಗಳು ಈಗ ಮಾರುಕಟ್ಟೆಯಲ್ಲಿ ದೊರೆಯುತ್ತಿರುವುದರಿಂದ ಗೃಹಿಣಿಯರೂ ಈ ವಿವೇಚನೆಯನ್ನು ಅರಿತಿರುವುದು ಒಳಿತು.

ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮುಟಗಳ ಕೀಲುಗಳಲ್ಲಿ ಒಣಗಿದ ರಕ್ತ ಉಳಿದಿದ್ದರೆ ಅದರ ಮರೆಯಲ್ಲಿರುವ ರೋಗಾಣುಗಳು ಹಬೆಯ ಶಾಖದಿಂದ ಪಾರಾಗುವ ಅಪಾಯವಿದೆ. ಕೀಲುಗಳನ್ನು ತೆರೆದಿಟ್ಟು ಶ್ರವಣಾತೀತ ತೊಟ್ಟಿಯಲ್ಲಿ ತೊಳೆಯುವುದರಿಂದ ಆ ಮರೆ ನೀಗುತ್ತದೆ. ಆದರೆ ಒಂದು ಮಾತು ಸ್ಪಷ್ಟವಾಗಿರಬೇಕು: ಈ ತೊಟ್ಟಿಯು ಉಪಕರಣವನ್ನು ಸ್ವಚ್ಛಗೊಳಿಸುತ್ತದೆಯೇ ಹೊರತು ರೋಗಾಣುರಹಿತವಾಗಿಸುವುದಿಲ್ಲ. ತೊಳೆದ ನಂತರ ಒತ್ತಡದ ಹಬೆಯಲ್ಲಿ ಸಂಸ್ಕರಿಸುವ ಕ್ರಮವನ್ನು ಯಾವ ಕಾರಣಕ್ಕೂ ಕೈಬಿಡುವಂತಿಲ್ಲ.

ನಾಜೂಕಿನ ಪರಾಕಾಷ್ಠೆಯನ್ನು ಕಾಣಬೇಕಾದರೆ ಪುಣೆಯಲ್ಲಿಯೇ ಇರುವ ಭಾರತೀಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ನೆನೆಯಬೇಕು. 1964ರಲ್ಲಿ ಸ್ಥಾಪಿತವಾಗಿ, 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಡನೆ ವಿಲೀನಗೊಂಡ ಈ ಸಂಸ್ಥೆಯು ದೇಶದ ಹಲವು ಭಾಷೆಗಳ ಚಲನಚಿತ್ರಗಳ ಭಂಡಾರ. ಗಿರೀಶ್ ಕಾಸರವಳ್ಳಿ ಅವರು 1977ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಇಲ್ಲಿ ಸಂರಕ್ಷಿತವಾಗಿತ್ತು. ಅದರ ಪುನರುಜ್ಜೀವಿತ ಪ್ರತಿಯು 2024ರಲ್ಲಿ ವೆನಿಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಇಂತಹ ಹಳೆಯ ಫಿಲಂ ಸುರುಳಿಯನ್ನು ಡಿಜಿಟಲ್ ರೂಪಕ್ಕೆ ಇಳಿಸುವ ಮುನ್ನ ಅದರ ಮೇಲಿನ ಧೂಳು, ಎಣ್ಣೆ, ಬೆರಳಚ್ಚುಗಳನ್ನು ತೆಗೆಯಬೇಕಾಗುತ್ತದೆ. ಫಿಲಂ ಪ್ರಯೋಗಾಲಯಗಳಲ್ಲಿ ಇದಕ್ಕೆ ರೂಢಿಯಲ್ಲಿರುವ ವಿಧಾನಗಳಲ್ಲಿ ಶ್ರವಣಾತೀತ ಯಂತ್ರವೂ ಒಂದು. ಚಿತ್ರವನ್ನು ಹೊತ್ತ ಜೆಲಾಟಿನ್ ಪದರವು ನೀರಿನಲ್ಲಿ ಉಬ್ಬುವುದರಿಂದ ಇಲ್ಲಿ ನೀರನ್ನು ಬಳಸುವಂತಿಲ್ಲ. ಬೇಗನೆ ಆವಿಯಾಗುವ ದ್ರಾವಕದಲ್ಲಿ ಫಿಲಂ ಸರಿಯುತ್ತ ಸಾಗಿದಂತೆ ಧ್ವನಿಯು ಧೂಳನ್ನು ಬಿಡಿಸುತ್ತದೆ. ಗಾಳಿಯು ಅದನ್ನು ಒಣಗಿಸುತ್ತದೆ. ಹರಿದ ಅಂಚುಗಳನ್ನೂ ಸಡಿಲ ಬೆಸುಗೆಗಳನ್ನೂ ಮೊದಲೇ ಕೈಯಿಂದ ಸರಿಪಡಿಸದಿದ್ದರೆ ಯಂತ್ರದಲ್ಲಿ ಫಿಲಂ ತುಂಡಾಗುವ ಭಯವಿದೆ. ಯಂತ್ರಭಾಗ ಕೆಟ್ಟರೆ ಇನ್ನೊಂದನ್ನು ತಯಾರಿಸಬಹುದು. ಮೂಲ ನೆಗೆಟಿವ್ ಇರುವುದು ಒಂದೇ.

ಕೆಲಸಗಾರನ ಉಸಿರು

ಈ ತಂತ್ರದ ಪ್ರಯೋಜನವನ್ನು ವಸ್ತುಗಳ ದೃಷ್ಟಿಯಿಂದ ಮಾತ್ರ ನೋಡಿದರೆ ಅರ್ಧ ನೋಡಿದಂತೆ. ತೊಳೆಯುವವನ ಆರೋಗ್ಯದ ದೃಷ್ಟಿಯಿಂದಲೂ ಅದನ್ನು ಪರಿಶೀಲಿಸಬೇಕು. ಲೋಹದ ಜಿಡ್ಡು ತೆಗೆಯಲು ಕಾರ್ಖಾನೆಗಳು ಬಹುಕಾಲ ಟ್ರೈಕ್ಲೋರೊಎಥಿಲೀನ್ ಎಂಬ ದ್ರಾವಕವನ್ನು ಕಾಯಿಸಿ ಅದರ ಆವಿಯನ್ನು ಬಳಸುತ್ತ ಬಂದವು. ಅದು 87 ಡಿಗ್ರಿಯಲ್ಲೇ ಕುದಿಯುತ್ತದೆ. ಅದರ ಆವಿ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರವಾದುದರಿಂದ ನೆಲಮಟ್ಟದಲ್ಲಿ ನಿಂತುಬಿಡುತ್ತದೆ. ತೊಟ್ಟಿಯ ಮೇಲೆ ಬಗ್ಗಿ ದುಡಿಯುವವನಿಗೆ ತಲೆಸುತ್ತು, ಅಮಲು ಬರುತ್ತದೆ. ದೀರ್ಘಕಾಲದ ಪರಿಣಾಮ ಇನ್ನೂ ಘೋರ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2014ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ದ್ರಾವಕವನ್ನು ಮನುಷ್ಯರಲ್ಲಿ ಮೂತ್ರಪಿಂಡದ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಸಾರಿದೆ.

ಜಿಡ್ಡು ತೆಗೆಯಲು ಬಳಸುತ್ತಿದ್ದ ಇನ್ನೊಂದು ದ್ರಾವಕ ಕಾರ್ಬನ್ ಟೆಟ್ರಾಕ್ಲೋರೈಡ್. ಅದು ಯಕೃತ್ತಿಗೆ ವಿಷ. ಆಕಾಶದ ಓಜೋನ್ ಪದರಕ್ಕೂ ಮಾರಕ. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವು 1992ರಲ್ಲಿ ಸೇರಿತು. ಆ ಬದ್ಧತೆಯ ಫಲವಾಗಿ 2010ರ ಜನವರಿ 1ರಿಂದ ಜಿಡ್ಡು ತೆಗೆಯುವಂತಹ ಕೆಲಸಗಳಿಗೆ ಆ ದ್ರಾವಕದ ಬಳಕೆ ನಿಂತುಹೋಯಿತು. ಅದರ ಸ್ಥಾನವನ್ನು ತುಂಬಿದ ಮಾರ್ಗಗಳಲ್ಲಿ ನೀರು ಮತ್ತು ಮಾರ್ಜಕದೊಡನೆ ನಡೆಯುವ ಶ್ರವಣಾತೀತ ವಿಧಾನ ಮುಖ್ಯವಾದುದು. ಸೀಮೆಎಣ್ಣೆಯಿಂದ ಕೈಯ ಚರ್ಮ ಒಡೆಯುವುದು, ಬೆಂಕಿಯ ಭಯ, ಇವೂ ಇದರಿಂದ ತಪ್ಪುತ್ತವೆ.

ಆದರೂ ಈ ತೊಟ್ಟಿ ಸಂಪೂರ್ಣ ನಿರಪಾಯಕಾರಿಯಲ್ಲ. ಪೆಟ್ರೋಲ್, ಥಿನ್ನರ್ ಮುಂತಾದ ಬೆಂಕಿ ಹತ್ತುವ ದ್ರವಗಳನ್ನು ಸಾಮಾನ್ಯ ತೊಟ್ಟಿಗೆ ಎಂದಿಗೂ ಸುರಿಯಬಾರದು. ತೊಟ್ಟಿ ನಡೆಯುತ್ತಿರುವಾಗ ಅದರೊಳಗೆ ಕೈ ಅದ್ದಬಾರದು. ಕೊಳೆಯನ್ನು ಕೀಳುವ ಶಕ್ತಿ ಬೆರಳನ್ನೂ ಬಿಡುವುದಿಲ್ಲ. ಧ್ವನಿ ಶ್ರವಣಾತೀತವೆಂದರೂ ಕುಸಿಯುವ ಗುಳ್ಳೆಗಳು ಕಿವಿಗೆ ಕೇಳುವ ಕರ್ಕಶ ಸದ್ದನ್ನೂ ಹೊರಡಿಸುತ್ತವೆ. ಮುಚ್ಚಳ ಮುಚ್ಚುವುದು, ದೊಡ್ಡ ತೊಟ್ಟಿಯ ಬಳಿ ಕಿವಿಗವಸು ಧರಿಸುವುದು, ವಿದ್ಯುತ್ತಿನ ಭೂಸಂಪರ್ಕವನ್ನು ಆಗಾಗ ಪರೀಕ್ಷಿಸುವುದು ಮಾಲೀಕರ ಹೊಣೆ.

ಕೊಳೆ ಎಲ್ಲಿಗೆ ಹೋಗುತ್ತದೆ

ಸಭಿಕರು ಗಮನಿಸಬೇಕಾದ ಅತಿ ಮುಖ್ಯ ಪ್ರಶ್ನೆ ಇದು. ಭಾಗದಿಂದ ಬಿಟ್ಟ ಕೊಳೆ ಮಾಯವಾಗುವುದಿಲ್ಲ. ಅದು ತೊಟ್ಟಿಯ ನೀರಿಗೆ ಸೇರುತ್ತದೆ. ಎಣ್ಣೆ, ಲೋಹದ ಕಣ, ಮಾರ್ಜಕಗಳಿಂದ ತುಂಬಿದ ಆ ನೀರನ್ನು ರಾತ್ರಿ ಹೊತ್ತು ಚರಂಡಿಗೆ ಬಿಟ್ಟರೆ ಯಂತ್ರಭಾಗ ಸ್ವಚ್ಛವಾಯಿತು, ಊರು ಕೊಳಕಾಯಿತು ಎಂದಂತಾಗುತ್ತದೆ.

ಪುಣೆಯ ಚರಂಡಿಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕನ್ನಡಿಗರು ವಿಶೇಷವಾಗಿ ಅರಿಯಬೇಕು. ಪಿಂಪ್ರಿ-ಚಿಂಚವಡದ ಪವನಾ ನದಿ ಮುಳಾ ನದಿಯನ್ನು ಸೇರುತ್ತದೆ. ಮುಳಾ ನದಿಯು ನಗರದ ನಡುವೆ ಮುಠಾ ನದಿಯೊಡನೆ ಕೂಡಿ, ಮುಂದೆ ಭೀಮಾ ನದಿಗೆ ಹರಿಯುತ್ತದೆ. ಚಾಕಣದ ಕಡೆಯಿಂದ ಬರುವ ಇಂದ್ರಾಯಣಿಯೂ ಭೀಮೆಯನ್ನೇ ಸೇರುತ್ತದೆ. ಉಜನಿ ಜಲಾಶಯವನ್ನೂ ಪಂಢರಪುರವನ್ನೂ ದಾಟಿದ ಭೀಮೆಯು ಕರ್ನಾಟಕವನ್ನು ಪ್ರವೇಶಿಸಿ ವಿಜಯಪುರ, ಕಲಬುರಗಿ ಜಿಲ್ಲೆಗಳ ಹೊಲಗಳಿಗೆ ನೀರುಣಿಸಿ, ಗಾಣಗಾಪುರದ ಭಕ್ತರು ಮೀಯುವ ತೀರವನ್ನು ಹಾಯ್ದು, ರಾಯಚೂರಿನ ಬಳಿ ಕೃಷ್ಣೆಯಲ್ಲಿ ಒಂದಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಗುರುತಿಸಿದ ಕಲುಷಿತ ನದೀಭಾಗಗಳ ಪಟ್ಟಿಯಲ್ಲಿ ಮುಳಾ, ಮುಠಾ, ಪವನಾ, ಇಂದ್ರಾಯಣಿ ಹಾಗೂ ಭೀಮಾ ನದಿಗಳ ಹೆಸರುಗಳಿದ್ದವು. ಊರಿನ ಮನೆಗಳ ಕೊಳಚೆನೀರು ಈ ಮಾಲಿನ್ಯಕ್ಕೆ ದೊಡ್ಡ ಕಾರಣವಾದರೂ, ಅದರಲ್ಲಿ ಇಲ್ಲದ ಲೋಹ ಮತ್ತು ಎಣ್ಣೆಯನ್ನು ಕಾರ್ಖಾನೆಯ ನೀರು ತಂದು ಸೇರಿಸುತ್ತದೆ.

ಪರಿಹಾರ ಕಷ್ಟವಾದುದಲ್ಲ. ತೊಟ್ಟಿಯ ಮೇಲೆ ತೇಲುವ ಎಣ್ಣೆಯನ್ನು ಆಗಾಗ ಕೆನೆಯಂತೆ ತೆಗೆಯುವುದು, ನೀರನ್ನು ಸೋಸಿ ಮತ್ತೆ ಮತ್ತೆ ಬಳಸುವುದು, ಅಗತ್ಯಕ್ಕಿಂತ ಹೆಚ್ಚು ಮಾರ್ಜಕ ಬೆರೆಸದಿರುವುದು, ಇವುಗಳಿಂದ ನೀರು ಹೆಚ್ಚು ಕಾಲ ಬಾಳುತ್ತದೆ, ಖರ್ಚೂ ಇಳಿಯುತ್ತದೆ. ಕೊನೆಗೆ ಉಳಿಯುವ ದ್ರವವನ್ನು 1974ರ ಜಲಮಾಲಿನ್ಯ ನಿಯಂತ್ರಣ ಅಧಿನಿಯಮಕ್ಕೆ ಅನುಗುಣವಾಗಿ ಸಂಸ್ಕರಿಸಿಯೇ ಹೊರಬಿಡಬೇಕು. ಎಣ್ಣೆ ಮತ್ತು ಕೆಸರನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅಧಿಕೃತ ಸಂಸ್ಕರಣಾ ಕೇಂದ್ರಕ್ಕೆ ಒಪ್ಪಿಸಬೇಕು. ಇಲ್ಲಿ ಇನ್ನೊಂದು ಸಂಗತಿ ಉಲ್ಲೇಖನೀಯ. 1950ರಲ್ಲಿ ಪುಣೆಯಲ್ಲಿ ಆರಂಭವಾದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳು, ನೀರನ್ನು ಸುಳಿಯಾಗಿ ತಿರುಗಿಸಿ ಅದರಲ್ಲಿ ಇದೇ ಬಗೆಯ ಗುಳ್ಳೆಗಳನ್ನು ಹುಟ್ಟಿಸಿ, ಅವುಗಳ ಕುಸಿತದ ಶಕ್ತಿಯಿಂದ ಕಾರ್ಖಾನೆಯ ಕೊಳೆನೀರನ್ನು ಸಂಸ್ಕರಿಸುವ ವಿಧಾನವನ್ನು ಅಭಿವೃದ್ಧಿಪಡಿಸಿದ್ದಾರೆ. ಭಾಗವನ್ನು ತೊಳೆಯುವ ಗುಳ್ಳೆಯೇ ತೊಳೆದ ನೀರನ್ನೂ ಶುದ್ಧಗೊಳಿಸಲು ನೆರವಾಗಬಲ್ಲದು.

ಸಂಗ್ರಹವಾಗಿ ಹೇಳುವುದಾದರೆ, ಶ್ರವಣಾತೀತ ಧ್ವನಿಯ ವಿಧಾನವು ಬ್ರಷ್ಷು ತಲುಪದ ಕಡೆ ತಲುಪುತ್ತದೆ. ವಿಷದ ಆವಿಯಿಂದ ಕೆಲಸಗಾರನನ್ನು ಪಾರುಮಾಡುತ್ತದೆ. ಸರಿಯಾದ ಆವೃತ್ತಿಯನ್ನು ಆರಿಸಿದರೆ ಅತಿ ನಾಜೂಕಾದ ವಸ್ತುವನ್ನೂ ಕಾಪಾಡುತ್ತದೆ. ತೊಟ್ಟಿಯನ್ನು ಕೊಳ್ಳುವ ಉದ್ಯಮಿಯು ಅದರ ಬೆಲೆಯನ್ನು ವಿಚಾರಿಸುವಾಗಲೇ ಅದರ ನೀರನ್ನು ಎಲ್ಲಿಗೆ ಬಿಡುವುದೆಂಬುದನ್ನೂ ನಿಶ್ಚಯಿಸಿಕೊಳ್ಳಲಿ; ಅದನ್ನು ನಡೆಸುವ ಕೆಲಸಗಾರನಿಗೆ ಅದರ ಗುಣದೋಷಗಳನ್ನು ಅವನ ಭಾಷೆಯಲ್ಲಿಯೇ ತಿಳಿಸಿಕೊಡಲಿ. ಭೋಸರಿಯ ಶೆಡ್ಡಿನಲ್ಲಿ ಇಂದು ತೆಗೆದುಕೊಳ್ಳುವ ಈ ಎರಡು ತೀರ್ಮಾನಗಳ ಫಲವನ್ನು ಆ ಕೆಲಸಗಾರನ ಮನೆಯವರೂ, ಭೀಮಾತೀರದ ರೈತರೂ ಮುಂದೆ ಬಹುಕಾಲ ಅನುಭವಿಸಲಿದ್ದಾರೆ.